ಕೆಂಪ ದೀಪ ದಾಟಿದ ತಂಬಗಿ

ನನ್ನ ಅಂಗಡಿ ಕಾಗವಾಡದ ಬಸ್‌ಸ್ಟ್ಯಾಂಡ್ ಎದುರಿಗಿ ಐತಿ. ಅಂಗಡಿ ಅಂದ್ರ ಏನ ದೊಡ್ಡದಲ್ಲ. ಎರಡ ಕಂಪ್ಯೂಟರ್, ಒಂದ ಝೆರಾಕ್ಸ್ ಮಶಿನ್, ತಿರಗಲೋ ಬ್ಯಾಡೋ ಅನ್ನೂ ಒಂದ ಫ್ಯಾನ್. ಹೊಲದ ಪಹಣಿ ಉತಾರ ತಗಸವರು, ಆಧಾರ ತಿದ್ದಸವರು, ಪರೀಕ್ಷಾ ಫಾರ್ಮ್ ತುಂಬವರು ಬರ್ತಾರ. ಈಗೀಗ ಇನ್ನೊಂದ ನಮೂನಿ ಗಿರಾಕಿ ಹೆಚ್ಚಾಗ್ಯಾರ, ಕ್ಯಾಮೆರಾದಾಗ ಸಿಕ್ಕವರು. ಸಿಗ್ನಲ್ ಕಂಬದ ಮ್ಯಾಲ ಕ್ಯಾಮೆರಾ ಕುಂಡ್ರಿಸಿದ ಮ್ಯಾಲ ಯಾರೂ ಕೈ ಅಡ್ಡ ಹಾಕೂದಿಲ್ಲ, ಸೀಟಿ ಊದೂದಿಲ್ಲ. ನೀವು ಕೆಂಪ ದೀಪ ದಾಟಿ ಆರಾಮ ಮನಿಗಿ ಬಂದ ಉಣ್ತೀರಿ. ಎಂಟ ದಿನದ ಮ್ಯಾಲ ಫೋನಿಗಿ ಮೆಸೇಜ್ ಬರತೈತಿ. ಒತ್ತಿದ್ರ ನಿಮ್ಮ ಗಾಡಿ ಫೋಟೋ, ನಂಬರ್, ತಾರೀಖು, ತಾಸು, ನಿಮಿಷ.

"ಅಂವಾ ನಾ ಅಲ್ರಿ ಅಕ್ಕಾರ" ಅಂತ ನನ್ನ ಮುಂದ ನಿಂತ ವಾದಾ ಮಾಡ್ತಾರ. ಮೈಮ್ಯಾಲ ಅದ ಅಂಗಿ ಇರತೈತಿ, ಫೋಟೋದಾಗೂ ಅದ ಅಂಗಿ. ನಾ ಏನ ಮಾಡ್ಲಿ, ನಾ ದಂಡಾ ತುಂಬಿಸಿ ರಸೀದಿ ತಗದ ಕೊಡಾಕಿ. ಕ್ಯಾಮೆರಾ ಬರೂ ಮೊದಲೂ ಗಿರಾಕಿ ಬಾಯಾಗ ಇಂಥಾವ ಮಾತ ಇರತಿದ್ದವು; ಕೇಳಿ ಕೇಳಿ ನಕ್ಕು ನಕ್ಕು, ಏಳ ವರ್ಷದ ಹಿಂದ ಒಂದ ಬ್ಲಾಗ್ ಸುರು ಮಾಡಿದೆ. ವಾರಕ್ಕೊಂದ ಬರೀತಿದ್ದೆ. ಅಂಗಡಿಗಿ ಬಂದವರು, ಹೋದವರು, ಅವರ ಸುಳ್ಳು, ಅವರ ಖರೆ. ನಮ್ಮ ಕಡಿ ಮಂದಿ ಫೋನಿನ್ಯಾಗ ಓದಿ ಬಸ್‌ನ್ಯಾಗ ಸಿಕ್ಕಾಗ, "ಚಲೋ ಬರದೀರಿ ಅಕ್ಕಾರ" ಅಂತಿದ್ರು. ಸುಳ್ಳ ಯಾಕ ಹೇಳ್ಲಿ, ಹಂಗ ಅಂದ ದಿನ ನನ್ನ ನಡಿಗಿನ ಬ್ಯಾರೆ ಇರತಿತ್ತು.

ಬ್ಲಾಗ್ ಬರಿಯಾಕ ಕುಂತಾಗ ನಾನ ಒಂದಿಷ್ಟ ನೇಮ ಹಾಕೊಂಡಿದ್ದೆ. ಹಳೇ ಕ್ಯಾಲೆಂಡರ್ ಹಾಳಿ ಹಿಂದ ಸ್ಕೆಚ್ ಪೆನ್ನಿಲೆ ಬರದು ಕಂಪ್ಯೂಟರ್ ಹಿಂದಿನ ಗ್ವಾಡಿಗಿ ಅಂಟಿಸಿದ್ದೆ. ನೀನ ಕಣ್ಣಿಲೆ ಕಂಡದ್ದ ಬರಿ. ಯಾರ ಹೆಸರೂ ಬ್ಯಾಡ, ಯಾರ ಫೋಟೋನೂ ಬ್ಯಾಡ. ಸಿಟ್ಟಿನ್ಯಾಗ ಬರದ್ರ ಬರಿ, ಸಿಟ್ಟಿನ್ಯಾಗ ಹಾಕಬ್ಯಾಡ. ಬರದದ್ದನ್ನ ಒಂದ ರಾತ್ರಿ ಇಡು, ಮುಂಜಾನೆ ಓದಿ ಹಾಕು. ಹೋಳಿಗಿ ಕಣಕಾ ನಾದಿ ನೆನಿಯಾಕ ಇಡತೇವಲ್ಲ, ಹಂಗ. ಕಡೀದು, ತಪ್ಪ ಬರದಿದ್ರ ಅದರ ತೆಳಗ "ತಪ್ಪಾತು" ಅಂತ ಬರಿ, ಸುಮ್ಮನ ಅಳಸಿ ಓಡಬ್ಯಾಡ. ಐದ ನೇಮ. ಹೊಸದಾಗಿ ಬರಿಯವರಿಗಿ ನಾನ ಶಾಣ್ಯಾಕಿಹಾಂಗ ಇದನ್ನ ಹೇಳತಿದ್ದೆ. ಒಂದ ಮಧ್ಯಾಹ್ನದಾಗ ಐದಕ್ಕ ಐದೂ ಮುರದೆ.

ನಮ್ಮ ಮನಿ ಜುಗೂಳದಾಗ, ಕೃಷ್ಣಾ ಹೊಳಿ ದಂಡಿಗಿ. ಮನ್ಯಾಗ ನಾವು ನಾಕ ಮಂದಿ, ನಾನು, ನಮ್ಮ ಮನಿಯವ್ರು, ಮೈದುನ, ಮತ್ತ ಮಾವಾರು. ಅತ್ತಿ ತೀರಿಕೊಂಡು ಭಾಳ ವರ್ಷ ಆತು. ಮನಿಗೆಲ್ಲಾ ಇದ್ದದ್ದು ಒಂದ ಸ್ಕೂಟಿ, ಅದು ನನ್ನ ಹೆಸರಿಲೆ. ಹೆಸರು ನನ್ನದು, ಕೀಲಿ ಎಲ್ಲಾರದು. ಬಾಗಲಾ ಹಿಂದಿನ ಮೊಳಿಗಿ ಕೀಲಿ ಜೋತ ಬಿದ್ದಿರತೈತಿ, ಯಾರಿಗಿ ಬೇಕೋ ಅವರು ಒಯ್ಯೂದು. ಕೇಳೂ ಪದ್ಧತಿ ಇಲ್ಲ. ಎಲ್ಲಾರಕಿಂತ ಹೆಚ್ಚ ಒಯ್ಯಾವ ಮೈದುನ. ತಲಿಗಿ ಕೆಂಪ ಚೌಕಡಿ ಟವಲ್ ಸುತ್ತಿಕೊಂಡು, ಟ್ರ್ಯಾಕ್ಟರ್ ಸಾಮಾನ ತರತೀನಂತ ಹೊಳಿ ದಾಟಿ ಚಿಕ್ಕೋಡಿಗಿ ಹೋಗ್ತಾನ. ಟಾಕಿ ಖಾಲಿ ಮಾಡಿ ಅದ ಮೊಳಿಗಿ ಕೀಲಿ ಹಾಕ್ತಾನ. ಇದರ ಸಲವಾಗಿ ನಾವಿಬ್ರೂ ಎಷ್ಟ ಸಲ ಜಗಳಾಡೇವೋ.

ಇನ್ನ ಮಾವಾರ ಸುದ್ದಿ. ನಾವು ಜೈನರು. ಮಳಿಗಾಲದ ನಾಕ ತಿಂಗಳು ನಮ್ಮ ದಿಗಂಬರ ಮುನಿಗಳು ತಿರಗಾಡೂದಿಲ್ಲ, ಒಂದ ಊರಾಗ ನಿಲ್ತಾರ. ಅವರಿಗಿ ನಾವು ಮಹಾರಾಜ್ರು ಅಂತೇವಿ. ಆ ವರ್ಷ ಚಾತುರ್ಮಾಸಕ್ಕ ಮಹಾರಾಜ್ರು ನಮ್ಮ ಬಸದ್ಯಾಗ ನಿಂತಿದ್ರು. ಸುರುವಿನ ದಿನ ಮಂದಿ ಅವರ ಮುಂದ ಎದ್ದ ನಿಂತು ನಾಕ ತಿಂಗಳದ ನೇಮ ತಗೋತಾರ. ಒಬ್ಬರು ಸಕ್ಕರಿ ಬಿಡ್ತಾರ, ಒಬ್ಬರು ಮಂಚಾ ಬಿಡ್ತಾರ. ನಮ್ಮ ಮಾವಾರು ಕೈ ಮುಗದು, "ದೀಪಾವಳಿ ಮುಗಿಯೂತನಕ ಹೊಳಿ ದಾಟೂದಿಲ್ರಿ. ಮನಿ ಬಾವಿದು ಸೋಸಿದ ನೀರ ಬಿಟ್ಟು ಬ್ಯಾರೆ ನೀರ ಮುಟ್ಟೂದಿಲ್ರಿ" ಅಂದ್ರು. ಅವತ್ತಿನಿಂದ ಎಲ್ಲಿ ಹೋದ್ರೂ ಅವರ ಕೈಯಾಗ ಹಿತ್ತಾಳಿ ತಂಬಗಿ. ಅದರ ಬಾಯಿಗಿ ಬಿಳಿ ಅರಿವಿ ಕಟ್ಟಿರತಿತ್ತು.

ಚಾತುರ್ಮಾಸ ಮುಗಿಯೂ ದಿನ ಮಹಾರಾಜ್ರು ತಮ್ಮ ಹಳೇ ನವಿಲಗರಿ ಪಿಂಛಿ ಬಿಟ್ಟು ಹೊಸಾದ ಹಿಡೀತಾರ. ಹಳೇದನ್ನ ನೇಮ ನೆಟ್ಟಗ ನಡಸಿದ ಒಂದ ಮನಿಗಿ ಕೊಡ್ತಾರ. ಅದಕಿಂತ ದೊಡ್ಡ ಮಾನ ನಮ್ಮ ಮಂದ್ಯಾಗ ಇಲ್ಲ. ಈ ಸಲ ಅದು ನಮ್ಮ ಮನಿಗೇ ಅಂತ ಊರೆಲ್ಲಾ ಅಂತಿತ್ತು. ಮಾವಾರು ಬಾಯಿ ಬಿಟ್ಟ ಏನೂ ಅನ್ನಲಿಲ್ಲ, ಆದ್ರ ಪಡಸಾಲಿ ಗ್ವಾಡ್ಯಾಗಿನ ಗೂಡಿಗಿ ತಾವ ಸುಣ್ಣಾ ಹಚ್ಚಿ ಇಟ್ಟಿದ್ರು.

ಅವರದ ಇನ್ನೊಂದ ಮಾನ ಇತ್ತು. ನಲವತ್ತ ವರ್ಷದಿಂದ ದಿನಾ ಮುಂಜಾನೆ ಬಸದ್ಯಾಗ ಗ್ರಂಥ ಓದವರು ಅವರ. ಕಂಚಿನಂಥಾ ದನಿ. ಓದೂದು ನಿಂತ್ರ ಊರ ಎಚ್ಚರ ಆಗೂದಿಲ್ಲ ಅಂತಿದ್ರು.

ಹೊರಗ ಹಂಗ ಇದ್ದವರು, ನನ್ನ ಕೂಡ ಮಾತ್ರ ಎರಡ ವರ್ಷದಿಂದ ಒಂದ ನಮೂನಿ ಆಗಿದ್ರು. ನಾ ಮಾತಾಡಿಸಿದ್ರ ಮಾರಿ ಬಾಜೂಕ ತಿರವಿ ಬಿಡತಿದ್ರು. ತಾಟ ಮುಂದ ಇಟ್ರ ತಾಟ ನೋಡ್ತಿರಲಿಲ್ಲ, ಕಂಬಾ ನೋಡ್ತಿದ್ರು. ಸೊಸಿ ಅಂಗಡಿ ಇಟ್ಟಾಳ, ನಾಕ ಮಂದ್ಯಾಗ ಬರೀತಾಳ, ಅದ ಇವರಿಗಿ ಸೇರೂದಿಲ್ಲ ಅಂತ ನಾ ಗಂಟ ಹಾಕೊಂಡಿದ್ದೆ. ನನಗ ಭಾಳ ಕೆಟ್ಟ ಅನಸತಿತ್ತು. ಮಾರಿ ತೋರಿಸದವರಿಗಿ ನಾ ಯಾಕ ಮಾತ ಖರ್ಚ ಮಾಡ್ಲಿ ಅಂತ ನಾನೂ ಸುಮ್ಮಾದೆ. ಒಂದ ಸೂರಿನ ತೆಳಗ ಇಬ್ರೂ ಗಪ್ಪ.

ಹಿಂಗಿರಬೇಕಾದ್ರ ದ್ರಾಕ್ಷಿ ಚಾಟಣಿ ಬಂತು, ಬಳ್ಳಿ ಕತ್ತರಸೂ ಸುಗ್ಗಿ. ಗಂಡಸರಿಬ್ರೂ ನಸುಕಿನ್ಯಾಗ ಬಾಗಕ್ಕ, ಅಂದ್ರ ದ್ರಾಕ್ಷಿ ತೋಟಕ್ಕ, ಹೋಗಿದ್ರು. ಒಂಬತ್ತಕ್ಕ ನಾ ಅಂಗಡಿಗಿ ಹೊಂಡಬೇಕಂದ್ರ ಮೊಳಿಗಿ ಕೀಲಿ ಇಲ್ಲ. ಮೈದುನನ ಕೆಂಪ ಟವಲ್ಲೂ ಇಲ್ಲ. ಬಸ್ಸಿಗಿ ನಿಂತೆ. ಬಸ್ಸ ತುಂಬಿ ಬಂತು, ನಿಲ್ಲಸಲಿಲ್ಲ. ಅಂಗಡಿ ಬಾಗಲಾ ತಗಿಯೂದ್ರಾಗ ಹನ್ನೊಂದ ಆಗಿತ್ತು. ಫಾರ್ಮ್ ತುಂಬಾಕ ಕಡೀ ದಿನ, ಹುಡಗ್ಯಾರು ಬಿಸಲಾಗ ಸಾಲ ಹಚ್ಚಿ ನಿಂತಿದ್ರು. ಸಂಜಿಕ ಮೈದುನನ್ನ ಹಿಡದ ಝಾಡಿಸಿದೆ.

"ನಾ ಒಯ್ದಿಲ್ಲ ವೈನಿ. ದಿನಾ ಪೂರ್ತಿ ಬಾಗದಾಗ ಇದ್ದೆ" ಅಂದ.

"ಹಂಗಾರ ಗಾಡಿ ತಾನ ಹೋಗಿ ತಾನ ಬಂತೇನ?" ಅಂದೆ. ಮಾವಾರು ಅಲ್ಲೇ ಕುಂತಿದ್ರು, ಮಾರಿ ಕಂಬದ ಕಡಿ.

ಎಂಟ ದಿನದ ಮ್ಯಾಲ ಅಂಗಡ್ಯಾಗ ಬ್ಯಾರೆಯವರ ದಂಡಾ ತುಂಬಾಕತ್ತಾಗ ನನ್ನ ಫೋನಿಗಿ ಮೆಸೇಜ್ ಬಂತು. ಚಿಕ್ಕೋಡಿ ಸರ್ಕಲ್, ಕೆಂಪ ದೀಪ, ಅದ ತಾರೀಖು, ಮಧ್ಯಾಹ್ನ ಎರಡ ಹೊಡದು ಹನ್ನೊಂದ ನಿಮಿಷ. ಫೋಟೋದಾಗ ನನ್ನ ಸ್ಕೂಟಿ ಹಿಂಭಾಗ, ನನ್ನ ನಂಬರ್. ಮ್ಯಾಲ ಒಂದ ಬಿಳಿ ಅಂಗಿ ಬೆನ್ನು, ತಲಿಗಿ ಕೆಂಪ ಚೌಕಡಿ ಟವಲ್. ನೆತ್ತಿಗಿ ರಕ್ತ ಏರಿಧಾಂಗಾತು. ಗಾಡಿ ಒಯ್ದದ್ದು ಅಷ್ಟ ಅಲ್ಲ, ನನ್ನ ಮುಂದ ನಿಂತ ಸುಳ್ಳ ಹೇಳ್ಯಾನ. ಗಿರಾಕಿಗಿ, "ಜರಾ ಕುಂಡ್ರಪಾ" ಅಂದೆ. ಅಲ್ಲೇ ಕೀಬೋರ್ಡ್ ಎಳಕೊಂಡೆ.

ಬರಿಯಾಕ ಹತ್ತಿದ್ರ ನನ್ನ ಕೈ ನಿಲ್ಲೂದಿಲ್ಲ. "ಊರವರ ಸುಳ್ಳ ಬರದು ಬರದು ಸಾಕಾಗೇತಿ, ಇವತ್ತ ನಮ್ಮ ಮನಿ ಮಹಾಶೂರನ ಕತಿ ಕೇಳ್ರಿ" ಅಂತ ಸುರು ಮಾಡಿದೆ. "ಇಂವಗ ಕೆಂಪೂ ಒಂದ, ಹಸರೂ ಒಂದ. ದೇವರು ಕೊಟ್ಟ ಎರಡ ಕಣ್ಣ ಶೋಕಿಗಿ ಇಟಗೊಂಡಾನ. ಕುರುಡ ಎತ್ತಿಗಿ ಗಾಡಿ ಕಟ್ಟಿದ್ರ ಎತ್ತಿಂದಲ್ಲ, ಕಟ್ಟಿದಾಕಿದು ತಪ್ಪು. ಸುಳ್ಳ ಹೇಳೂ ಬಾಯಿಗಿ ಕ್ಯಾಮೆರಾನ ಸರಿ ಔಷಧ" ಅಂತ ಇನ್ನೂ ಏನೇನೋ. ತೆಳಗ ಫೋಟೋ ಹಾಕಿದೆ. ಮಾರಿ ಕಾಣತಿರಲಿಲ್ಲ, ಬೆನ್ನಿಗೇನ ಮಾರಿ ಇರತೈತಿ ಅಂತ ನನ್ನ ವಕೀಲಿ. ಒಂದ ರಾತ್ರಿ ಇಡಬೇಕು ಅನ್ನೂ ಹಾಳಿ ನನ್ನ ಮೂಗಿನ ಮುಂದ ಇತ್ತು. ಓದಲಿಲ್ಲ. ಗುಂಡಿ ಒತ್ತಿ ಬುತ್ತಿ ಬಿಚ್ಚಿದೆ. ಅವತ್ತ ರೊಟ್ಟಿ ಭಾಳ ರುಚಿ ಹತ್ತಿತ್ತು, ಅದೂ ನೆನಪೈತಿ.

ಮೂರಕ್ಕ ನಮ್ಮೂರ ಹೆಣ್ಣಮಗಳೊಬ್ಬಾಕಿ ತೆಳಗ ಬರದಿದ್ಲು. "ಅಕ್ಕಾರ, ಹ್ಯಾಂಡಲಿಗಿ ಜೋತ ಬಿದ್ದ ತಂಬಗಿ ಯಾರದ್ರಿ?"

ಫೋಟೋ ದೊಡ್ಡದ ಮಾಡಿ ನೋಡಿದೆ. ಬಲಕ್ಕ, ಬ್ರೇಕಿನ ಬಾಜೂಕ, ಹಿತ್ತಾಳಿ ತಂಬಗಿ. ಬಾಯಿಗಿ ಬಿಳಿ ಅರಿವಿ. ದಿನಾ ಅದಕ್ಕ ಅರಿವಿ ಕಟ್ಟಿ ಕೊಡಾಕಿ ನಾನ. ಆ ಗಂಟ ನಂದ.

ನೇಮ ಹಿಡದ ಮನಷ್ಯಾ ಹೊಳಿ ದಾಟಿದ್ದು, ತಾರೀಖು ತಾಸು ನಿಮಿಷದ ಸಮೇತ, ಅವರ ಸೊಸಿ ಊರ ಮುಂದ ಹಚ್ಚಿದ್ಲು. ಲಗುಬಗೆ ಅಳಸಿದೆ. ಅಳಸಿದ ಮ್ಯಾಲ ತಿಳೀತು, ಅದೂ ತಪ್ಪ ಅಂತ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡಂಗಾತು. ಅಷ್ಟೊತ್ತಿಗಿ ಫೋಟೋ ಬಸದಿ ವಾಟ್ಸಾಪ್ ಗ್ರೂಪಿಗಿ ಮುಟ್ಟಿತ್ತು. ಸಿಟ್ಟಿನ್ಯಾಗ ಕೊಯ್ದ ಮೂಗು ಸಮಾಧಾನ ಆದ ಮ್ಯಾಲ ಬರೂದಿಲ್ಲ ಅಂತ ನಮ್ಮವ್ವ ಅಂತಿದ್ಲು. ನನ್ನದಲ್ಲ, ನಾ ಕೊಯ್ದದ್ದು ಬ್ಯಾರೆಯವರ ಮೂಗು.

ಸಂಜಿಕ ಬಸ್ಸಿನ್ಯಾಗ ನನ್ನ ಬಾಜೂಕ ಕುಂತಾಕಿ, "ಹೊಳಿ ಆಚಿ ಏನ ಕೆಲಸಿತ್ತೋ ಏನೋ ಹಿರ್‍ಯಾರಿಗಿ" ಅಂದ್ಲು. ಹಿಂದ ಯಾರೋ ನಕ್ರು. ಕಿಡಕಿ ಕಡಿ ಮಾರಿ ಮಾಡಿದೆ. ಬೋನಿನ್ಯಾಗ ಬಿದ್ದ ಇಲಿಗಿ ರೊಟ್ಟಿ ತುಣುಕ ಬಾಜೂಕ ಇರತೈತಿ, ತಿನ್ನೂ ಮನಸ ಇರೂದಿಲ್ಲ, ಹಂಗಾಗಿತ್ತು ನಂದು. ಇಳದ ಎಲ್ಲಿ ಹೋಗ್ಲಿ, ಮನಿಗೇ ಹೋಗಬೇಕು.

ಮಾವಾರು ಪಡಸಾಲ್ಯಾಗ ಕುಂತಿದ್ರು. ಗಂಡಸರಿಬ್ರೂ ಇನ್ನೂ ಬಾಗದಿಂದ ಬಂದಿರಲಿಲ್ಲ.

"ಏನೋ ಬರದೀ ಅಂತಲ್ಲವಾ ನನ್ನ ಮ್ಯಾಲ" ಅಂದ್ರು. ದನಿ ಮೆತ್ತಗಿತ್ತು. "ಓದಿ ಹೇಳು."

ಓದಾಕ ನನ್ನ ನಾಲಿಗಿ ಏಳಲಿಲ್ಲ. "ನೀವ ನೋಡ್ರಿ ಮಾವಾರ" ಅಂತ ಅಂದು ಫೋನ್ ಕೈಯಾಗ ಕೊಟ್ಟೆ. ನನ್ನ ಕಡೆ ಇನ್ನೂ ಉಳದ ಪ್ರತಿ ಅದರಾಗಿತ್ತು. ಅವರು ಮಾರಿ ಮುಂದ ಹಿಡದ್ರು. ಭಾಳ ಹೊತ್ತು ಹಿಡದ್ರು. "ಹೂಂ, ಫೋಟೋ ಚಲೋ ಬಂದೈತಿ" ಅಂದ್ರು.

ಫೋನ್ ಆರಿ ಹೋಗಿತ್ತು. ಅವರು ಕರೀ ಕಾಜ ನೋಡಾಕತ್ತಿದ್ರು.

ನನ್ನ ಗಪ್ಪ ಕೇಳಿ ಅವರಿಗಿ ತಿಳೀತು. ಫೋನ್ ತೊಡಿ ಮ್ಯಾಲ ಇಟ್ರು. ಆಮ್ಯಾಲ ಒಂದೊಂದ ಹೇಳಿದ್ರು. ಎರಡ ವರ್ಷದಿಂದ ನೆಟ್ಟಗ ನೋಡಿದ್ದು ಕಾಣೂದಿಲ್ಲ, ನಡುವ ಒಂದ ಕರೀ ಚುಕ್ಕಿ. ಬಾಜೂಕಿಂದ ಮಾತ್ರ ಕಾಣತೈತಿ. ಗ್ರಂಥ ನಲವತ್ತ ವರ್ಷ ಓದಿದ್ದಕ್ಕ ಬಾಯಿಪಾಠ ಇತ್ತು, ಹಾಳಿ ಸುಮ್ಮನ ಅಂದಾಜಿಲೆ ತಿರವತಿದ್ರು. ಹೊಳಿ ಈಚಿನ ಮಿರಜಿಗಿ ಹೋಗಬೇಕಂದ್ರ ಅಲ್ಲಿ ದವಾಖಾನ್ಯಾಗ ದಿನಾ ನಮ್ಮೂರವರು ನಾಕ ಮಂದಿ ಇರ್ತಾರ. ಅದಕ್ಕ ಯಾರಿಗೂ ಹೇಳದ, ಮೈದುನನ ಟವಲ್ ಸುತ್ತಿಕೊಂಡು, ಚಿಕ್ಕೋಡಿಗಿ ಹೋಗಿದ್ರು. ಡಾಕ್ಟರು ಕಣ್ಣಿಗಿ ಔಷಧ ಹಾಕಿ ಒಳಗ ನೋಡಿದ್ರಂತ. ಕಣ್ಣಿನ ಪರದಿ ನಡುವ ಒಣಗೈತಿ, ಹೋದದ್ದು ಹೊಳ್ಳಿ ಬರೂದಿಲ್ಲ ಅಂದ್ರಂತ. ಗಾಡಿ ಹೊಡೀಬ್ಯಾಡ್ರಿ ಅಂತನೂ ಹೇಳಿದ್ರಂತ.

"ಔಷಧ ಹಾಕಿದ್ದಕ್ಕ ಬಿಸಲು ಕಣ್ಣಾಗ ಚುಚ್ಚತಿತ್ತು. ದೀಪ ಎಲ್ಲೈತಿ ಅಂತ ನೆಟ್ಟಗ ನೋಡಿದ್ನಿ, ಅದಕ್ಕ ಕಾಣಲಿಲ್ಲ. ಬಾಜೂಕಿನವರು ನಿಂತಿದ್ರು. ನಾ ದಾಟಿ ಬಂದ್ನಿ. ಯಾರಿಗರೆ ಹಾಯ್ದಿದ್ರ ಏನ ಗತಿ ಆಗತಿತ್ತು ಅಂತ ಇವತ್ತಿಗೂ ಎದಿ ಝಲ್ ಅಂತೈತಿ." ಆಮ್ಯಾಲ ಮತ್ತ ಅದ ಮಾತ. "ಈಗ ಓದವಾ."

ಓದಿದೆ. ಮಹಾಶೂರ ಓದಿದೆ. ಶೋಕಿಗಿ ಇಟಗೊಂಡ ಎರಡ ಕಣ್ಣ ಓದಿದೆ. ಕುರುಡ ಎತ್ತಿನ ಹತ್ರ ಬಂದಾಗ ಫೋನ್ ತೆಳಗ ಇಡಾಕ ಹೋದೆ. "ಬಿಡಬ್ಯಾಡ, ಪೂರಾ ಓದು" ಅಂದ್ರು. ಪೂರಾ ಓದಿದೆ. ಬ್ಯಾರೆಯವರನ್ನ ನಗಸಾಕ ಬರದ ಮಾತು, ಯಾರ ಮ್ಯಾಲ ಬರದೇನೋ ಅವರ ಮುಂದ ಓದಿದಾಗ ಒಂದಕ್ಕೂ ನಗಿ ಬರೂದಿಲ್ಲ. ಆರನೇ ನೇಮ ಹಾಕಬೇಕಾದ್ರ ಅದನ್ನ ಹಾಕತೇನಿ: ಹಾಕೂಕ್ಕಿಂತ ಮೊದಲ ಅವರ ಮುಂದ ಓದು.

"ಹೊಳಿ ದಾಟಿದ್ದು ಒಂದ ದಿನದ ತಪ್ಪು. ಓದತೀನಂತ ಸುಳ್ಳ ಕುಂತದ್ದು ಎರಡ ವರ್ಷದ್ದು. ಕಣ್ಣಿನ ಮಾತ ಯಾರ ಮುಂದೂ ಆಡಬ್ಯಾಡ. ನಿನ್ನ ಗಂಡಗೂ ಬ್ಯಾಡ. ಆ ಓದು ಹೋತಂದ್ರ ನನಗ ಮುಂಜಾನೆ ಏಳಾಕ ಏನೂ ಉಳಿಯೂದಿಲ್ಲ" ಅಂದ್ರು. ನಾ ಮಾತ ಕೊಟ್ಟೆ. ಕೊಡದ ಏನ ಮಾಡ್ಲಿ.

ಮರುದಿನ ಬಸದಿ ಪಂಚರು ಇಬ್ರು ಬಂದ್ರು. ಒಳ್ಳೇ ಮನಸಿಲೇ ಬಂದಿದ್ರು. "ತಂಗಿ, ಅಂವಾ ನಿನ್ನ ಮೈದುನ, ತಂಬಗಿ ಮರತ ಹ್ಯಾಂಡಲಿಗಿ ಉಳದಿತ್ತು ಅಂತ ಬರದ ಬಿಡು. ಪಿಂಛಿ ನಿಮ್ಮ ಮನಿಗೇ ಬರತೈತಿ." ಮೈದುನ ನಿಂತ ಕೇಳಿದ. ಅಂವಗ ಮದ್ಲ ನಾ ಬೈದಿದ್ದೆ, ಊರ ಮುಂದ ಬೈದಿದ್ದೆ. ಅಂವಾ ಅಂದದ್ದು ಇಷ್ಟ: "ಹೂಂ ವೈನಿ, ನಾನ ಅಂತ ಬರಿ. ಹೆಂಗೂ ಬರದೀಯಲ್ಲ." ನಾಚಿಕಿಲೆ ಭೂಮಿ ಬಾಯಿ ಬಿಡಬಾರದ ಅನಸ್ತು.

ನನ್ನದು ಅತ್ತ ದರಿ, ಇತ್ತ ಪುಲಿ. ಸುಳ್ಳ ಬರದ್ರ ಮಾವಾರ ಮಾನ ಉಳೀತೈತಿ, ತಪ್ಪಿಲ್ಲದ ಮೈದುನ ಎರಡನೇ ಸಲ ಸಾಯ್ತಾನ. ಖರೆ ಬರದ್ರ ಕಣ್ಣಿನ ಮಾತ ಹೊರಗ ಬರತೈತಿ. ಏನೂ ಬರಿಯದ ಇದ್ರ, ಮುದಕಾ ಹೊಳಿ ಆಚಿ ಮೋಜ ಮಾಡಾಕ ಹೋಗಿದ್ದ ಅಂತ ಊರ ತಾನ ಬರೀತೈತಿ. ಮೂರ ದಿನ ಅಂಗಡ್ಯಾಗ ಕುಂತು ಖಾಲಿ ಪರದಿ ನೋಡಿದೆ. ಒಂದ ಸಾಲ ಬರಿಯೂದು, ಅಳಸೂದು. ಗಿರಾಕಿ ಬಂದ್ರ ಎದ್ದ ನಿಲ್ಲಾಕೂ ಬ್ಯಾಸರ.

ನಾಕನೇ ದಿನ ಮಾವಾರು ತಾವ ಕರದ್ರು. "ಬರಕೋ" ಅಂದ್ರು. "ಗಾಡಿ ಮ್ಯಾಲ ಇದ್ದವರು ನಮ್ಮ ಮಾವಾರು. ನೇಮ ಇದ್ದಾಗ ಹೊಳಿ ದಾಟಿದ್ದು ಖರೆ. ಯಾಕ ದಾಟಿದ್ರು ಅನ್ನೂದು ಅವರದು. ಮೈದುನಂದು ಏನೂ ತಪ್ಪಿಲ್ಲ, ಅಂವನ ಮ್ಯಾಲ ಬರದದ್ದು ನನ್ನ ತಪ್ಪು. ಸಾಕು." ಅದರಾಗ ಒಂದ ಅಕ್ಷರ ನಾ ಸೇರಸಲಿಲ್ಲ. ಬರದು, ಒಂದ ರಾತ್ರಿ ಇಟ್ಟು, ಮುಂಜಾನೆ ಅವರಿಗಿ ಓದಿ ಹೇಳಿ ಹಾಕಿದೆ. ಅವರು ತಂಬಗಿ ಹಿಡಕೊಂಡು ನಡಕೋತ ಬಸದಿಗಿ ಹೋದ್ರು. ಮಹಾರಾಜ್ರ ಮುಂದ ತಪ್ಪ ಒಪ್ಪಿಕೊಂಡ್ರು. ಕಣ್ಣಿನ ಮಾತ ಅಲ್ಲೂ ಆಡಲಿಲ್ಲ.

ಮಹಾರಾಜ್ರು ಸಿಟ್ಟ ಮಾಡಲಿಲ್ಲಂತ. ಪ್ರಾಯಶ್ಚಿತ್ತ ಕೊಟ್ರು. "ನಲವತ್ತ ವರ್ಷ ಒಂದ ಗ್ರಂಥ ಓದೀರಿ. ಚಾತುರ್ಮಾಸ ಮುಗಿಯೂತನಕ ದಿನಾ ಈ ಹೊಸಾ ಗ್ರಂಥ ಓದ್ರಿ" ಅಂತ ಒಂದ ಪುಸ್ತಕ ಮುಂದ ಇಟ್ರು. ಮಂದಿಗಿ ಅದು ಶಿಕ್ಷಾ ಅನಸಲೇ ಇಲ್ಲ. ಭಾಳ ಹಗರದಾಗ ಬಿಟ್ರು ಅಂದ್ರು. ಮಾವಾರು ಆ ಪುಸ್ತಕ ಎದಿಗಿ ಹಿಡಕೊಂಡ ಮನಿಗಿ ಬಂದು, ಅಡಗಿಮನಿ ಹೊಸ್ತಲದಾಗ ನಿಂತ್ರು.

"ಸಿಕ್ಕೊಂಡ್ನಿ ನೋಡವಾ" ಅಂದ್ರು. ಅವರ ಬಾಯಾಗ ಅಂಥಾ ಮಾತ ನಾ ಕೇಳಿದ್ದೇ ಇಲ್ಲ.

ಅವತ್ತಿನಿಂದ ದಿನಾ ನಸುಕಿನ್ಯಾಗ, ಗಂಡಸರು ದನಗಳ ಕಡಿ ಹೋದ ಮ್ಯಾಲ, ಒಲಿ ಮುಂದ ನಾ ಓದತಿದ್ದೆ, ಅವರು ಕೇಳತಿದ್ರು. ಅಂದಂದಿಂದು ಮೂರ ಹಾಳಿ. ನಾಕ ಸಲ ಓದಿದ್ರ ಅವರಿಗಿ ಬಾಯಿಗಿ ಬರತಿತ್ತು. ಎಂಥಾ ತಲಿ ಅದು. ಹಾಳಿ ಎಲ್ಲಿ ಮುಗೀತೈತೋ ಅಲ್ಲಿ ನಾ ಬಳಿ ಒಮ್ಮೆ ಕಿಣಕಿಣ ಅನಸತಿದ್ದೆ, ತಿರವೂದು ಅಲ್ಲಿ ಅಂತ ಗುರ್ತು. ಆಮ್ಯಾಲ ಅವರು ಬಸದಿಗಿ, ನಾ ರೊಟ್ಟಿ ಬಡಿಯಾಕ. ಹೆಂಗಸರು, "ನಿಮ್ಮ ಮಾವಾರು ಹೊಸಾದೂ ಎಷ್ಟ ಸರಾಗ ಓದ್ತಾರ" ಅಂದ್ರ ನಾ ನೆಲಾ ನೋಡತಿದ್ದೆ. ಒಂದ ತಪ್ಪ ತಿದ್ದಾಕ ಹೋಗಿ ಇನ್ನೊಂದ ಸುಳ್ಳಿಗಿ ಪಾಲುಗಾರಳಾಗಿದ್ದೆ. ದಿನಾ ಏಳೂದು, ದಿನಾ ಓದೂದು, ದಿನಾ ಅಂಜೂದು. ಇದರಿಂದ ಬಿಡುಗಡಿ ಹೆಂಗ ಅಂತ ಇಬ್ಬರಿಗೂ ತಿಳಿಯವಲ್ದಾಗಿತ್ತು.

ದೀಪಾವಳಿಗಿ ನಾಕ ದಿನ ಉಳದಿತ್ತು. ಹಿಂದಿನ ದಿನ ಅಂಗಡ್ಯಾಗ ಹೆಣಗಿ ಹಣ್ಣಾಗಿದ್ದೆ, ಮುಂಜಾನೆ ಓದಬೇಕಾದ್ರ ಕಣ್ಣ ಎಳ್ಯಾಕತ್ತಿದ್ದವು. ಒಂದ ಮಾತಿಲೆ ಮುಗಿಯೂ ಸಾಲಿನ್ಯಾಗ ಕಣ್ಣ ತಪ್ಪಿ ನಾಕೂ ಸಲ ಎರಡ ಸಾಲ ಜಿಗದೆ. ನನಗ ಗೊತ್ತ ಆಗಲಿಲ್ಲ. ಅವತ್ತ ಬಸದ್ಯಾಗ ಹಬ್ಬದ ಪೂಜಿ ಇತ್ತು, ನಾನೂ ಹೋಗಿದ್ದೆ, ಹೆಂಗಸರ ಸಾಲಿನ್ಯಾಗ ಕುಂತಿದ್ದೆ. ಮಹಾರಾಜ್ರು ಎದುರಿಗಿ. ಮಾವಾರು ಓದಾಕತ್ತಿದ್ರು. ನನ್ನ ಮುಂದಿನ ಮುದಕಿ ಮಡಲಾಗ ಅದ ಗ್ರಂಥದ ಇನ್ನೊಂದ ಪ್ರತಿ ಇಟಗೊಂಡು ಸಾಲಿಗಿ ಬೆರಳ ಹಚ್ಚಿ ನೋಡಿಕೋತ ಇದ್ಲು.

"ಎರಡ ಸಾಲ ಬಿಟ್ರಿ ನೋಡ್ರಿ ಹಿರ್‍ಯಾರ" ಅಂದ್ಲು.

ಮಾವಾರು ನಿಂತ್ರು. ಬೆರಳು ಹಾಳಿ ಮ್ಯಾಲ ಮ್ಯಾಲಕ್ಕ ಹೋತು, ತೆಳಕ್ಕ ಬಂತು. ಆ ಎರಡ ಸಾಲ ಅವರ ಕಿವಿಗಿ ಬಿದ್ದಿದ್ದಿಲ್ಲ, ಬಾಯಿಗಿ ಎಲ್ಲಿಂದ ಬರಬೇಕು. "ಓದ್ರಿ" ಅಂದ್ರು ಪಂಚರು. ಏಳಬೇಕಂದ್ರ ಕೊಟ್ಟ ಮಾತ ಮುರದಂಗ. ಕುಂತ್ರ, ಅಲ್ಲಿ ಅವರು ಎಲ್ಲಾರ ಮುಂದ ಒಬ್ಬರ ಸಿಕ್ಕೊಂಡಾರ, ಸಿಗಿಸಿದಾಕಿ ಇಲ್ಲಿ ಹಣಿ ತಗ್ಗಿಸಿ ಕುಂತೀನಿ.

ಆವಾಗ ಅವರು ಮಾರಿ ಬಾಜೂಕ ತಿರವಿದ್ರು, ಬಾಗಲದ ಕಡಿ. "ನಾಚಕೊಂಡ್ರು ಪಾಪ" ಅಂತ ನನ್ನ ಹಿಂದ ಯಾರೋ ಅಂದ್ರು.

ನಾಚಕೊಂಡಿರಲಿಲ್ಲ. ಬಾಗಲದ ಕಡಿ ಮಾರಿ ಮಾಡಿದ್ರ ಹೆಂಗಸರ ಸಾಲು ಅವರ ಕಣ್ಣಿನ ಬಾಜೂಕ ಬರತಿತ್ತು. ಎರಡ ವರ್ಷ ತಾಟ ಇಟ್ಟಾಗ, ಚಾ ಕೊಟ್ಟಾಗ, ಮಾತಾಡಿಸಿದಾಗ ಹೆಂಗ ತಿರವತಿದ್ರೋ ಹಂಗ. ಅಷ್ಟ ಮಂದ್ಯಾಗ ಅವರು ನನ್ನ ಹುಡಕಾಕತ್ತಿದ್ರು. ಎರಡ ವರ್ಷನೂ ಅವರು ಮಾರಿ ತಿರವಿದ್ದು ನನ್ನ ನೋಡಬಾರದಂತಲ್ಲ. ನನ್ನ ನೋಡಬೇಕಂತ.

ಎದ್ದೆ. ಸೆರಗ ಸರಿ ಮಾಡಿಕೊಂಡು ಗಂಡಸರ ಸಾಲ ದಾಟಿ ಹೋಗಿ ಅವರ ಬಾಜೂಕ ಕುಂತೆ. ಗ್ರಂಥ ನನ್ನ ಕಡಿ ಹೊಳ್ಳಿಸಿಕೊಂಡು ಬಿಟ್ಟ ಎರಡ ಸಾಲ ಓದಿದೆ. ಮಾವಾರು ಮಹಾರಾಜ್ರಿಗಿ ಕೈ ಮುಗದು, "ನನಗ ಅಕ್ಷರ ಕಾಣೂದಿಲ್ರಿ. ಎರಡ ವರ್ಷ ಆತ್ರಿ. ಓದಿದಾಕಿ ಈಕಿ, ನಾ ಬರೇ ಕೇಳಿದವ" ಅಂದ್ರು. ಆಮ್ಯಾಲ ನನಗ, "ಮುಂದ ಓದವಾ" ಅಂದ್ರು.

ಪಿಂಛಿ ಆ ವರ್ಷ ಬ್ಯಾರೆ ಮನಿಗಿ ಹೋತು. ಸುಣ್ಣಾ ಹಚ್ಚಿದ ಗೂಡಿನ್ಯಾಗ ಈಗ ತಂಬಗಿ ಇರತೈತಿ. ಗಾಡಿ ಕೀಲಿ ಅದ ಮೊಳಿಗೇ ಐತಿ, ಆದ್ರ ಈಗ ಕೇಳಿ ಒಯ್ತಾರ. ಇದನ್ನೆಲ್ಲಾ ಬರಿ ಅಂತ ಮಾವಾರ ಹೇಳಿದ್ರು, ಬರದ ಮ್ಯಾಲ ಅವರ ಮುಂದ ಓದೇನಿ, ಎರಡ ಕಡೆ ತಿದ್ದಿಸ್ಯಾರ.

ಬಸದ್ಯಾಗ ದಿನಾ ಮುಂಜಾನೆ ಓದೂ ಕೆಲಸ ನನ್ನ ಕೊಳ್ಳಿಗಿ ಬಿದ್ದೈತಿ. ನನಗೇನ ಅದು ಬೇಕಾಗಿದ್ದಿಲ್ಲ. ಅಂಗಡಿ ಐತಿ, ರೊಟ್ಟಿ ಐತಿ, ಒಂದ ದಿನಾ ತಪ್ಪಸಾಕ ಬರೂದಿಲ್ಲ, ಒಮ್ಮೊಮ್ಮೆ ಸಿಟ್ಟೂ ಬರತೈತಿ. ಮಾವಾರು ಬಾಜೂಕ ಕುಂದರ್ತಾರ. ನಾ ತಪ್ಪ ಓದಿದ್ರ ಕೆಮ್ಮತಾರ. ನಾ ಸುರು ಮಾಡೂ ಮೊದಲ ಮಾರಿ ಬಾಗಲದ ಕಡಿ ತಿರವತಾರ, ನಾ ಬಂದೇನೋ ಇಲ್ಲೋ ಅಂತ ನೋಡಾಕ.